ದಪ್ಪ ಕಣವಿಲ್ಲದ ಕಲ್ಲು: ಕ್ಷೌರದ ಕತ್ತಿ ಮತ್ತು ಮಸೆಗಲ್ಲುಗಳ ಭೂವಿಜ್ಞಾನ

ಮಡಚುವ ಕ್ಷೌರದ ಕತ್ತಿಯ ಅಲಗು ದಪ್ಪನೆಯ ಬೆನ್ನಿನಿಂದ ಹೊರಟು, ಎರಡೂ ಪಕ್ಕಗಳಲ್ಲಿ ತೆಳುವಾಗುತ್ತ ಬಂದು, ಒಂದು ಗೆರೆಯಲ್ಲಿ ಮುಗಿಯುವ ಉಕ್ಕಿನ ಬೆಣೆ; ಆ ಗೆರೆಯೇ ಕತ್ತಿಯ ಬಾಯಿ. ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಅಲಗನ್ನು ಚಪ್ಪಟೆಯಾಗಿ ಮಲಗಿಸುವುದರಿಂದ, ಅಡುಗೆಮನೆಯ ಚಾಕುವಿನಂತೆ ಇಲ್ಲಿ ಕೋನವನ್ನು ಕೈಯ ಅಂದಾಜಿಗೆ ಬಿಟ್ಟಿಲ್ಲ, ಕತ್ತಿಯ ಆಕಾರವೇ ಅದನ್ನು ನಿರ್ಧರಿಸಿರುತ್ತದೆ. ಬೆನ್ನು 5 ಮಿಲಿಮೀಟರ್ ದಪ್ಪವಿದ್ದು, ಬೆನ್ನಿನಿಂದ ಬಾಯಿಯವರೆಗಿನ ಅಗಲ 18 ಮಿಲಿಮೀಟರ್ ಇದ್ದರೆ, ಬೆಣೆಯ ಕೋನ ಸುಮಾರು 16 ಡಿಗ್ರಿ ಆಗುತ್ತದೆ. ಇಷ್ಟು ಕಿರಿದಾದ ಬೆಣೆಯ ತುದಿಯನ್ನು ಚೆನ್ನಾಗಿ ಮಸೆದಾಗ ಅದರ ದಪ್ಪ ಅರ್ಧ ಮೈಕ್ರಾನಿಗಿಂತ ಕಡಿಮೆಗೆ ಇಳಿಯುತ್ತದೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಗಡ್ಡದ ಒಂದು ಕೂದಲಿನ ದಪ್ಪ 100 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ತಾನು ಕತ್ತರಿಸಬೇಕಾದ ವಸ್ತುವಿಗಿಂತ ಇನ್ನೂರು ಪಟ್ಟು ತೆಳುವಾದ ಇಂಥ ಅಂಚನ್ನು ನೆಲದಿಂದ ಅಗೆದು ತೆಗೆದ, ಯಾವ ಸಂಸ್ಕರಣೆಯನ್ನೂ ಕಾಣದ ಒಂದು ಕಲ್ಲಿನ ತುಂಡು ಹೇಗೆ ಕೊಡುತ್ತದೆ ಎಂಬುದು ಈ ಅಧ್ಯಾಯದ ಪ್ರಶ್ನೆ.

ಅಂಚು ಏಕೆ ಮೊಂಡಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದು. ಆದರೂ ಕೆಲವೇ ದಿನಗಳ ಕ್ಷೌರದಲ್ಲಿ ಅಲಗು ಕೆಡುವುದು ಹೇಗೆಂಬುದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜಿಯಾನ್ಲೂಕಾ ರೊಷೋಲಿ, ಜೆಮ್ ತಸಾನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, 2020ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಬಳಸಿ ಎಸೆಯುವ ಬ್ಲೇಡುಗಳನ್ನಾದರೂ ಫಲಿತಾಂಶ ಎಲ್ಲ ತೆಳು ಅಲಗುಗಳ ಬಗೆಗೂ ಕಣ್ತೆರೆಸುವಂಥದು. ಅಂಚು ಸವೆದು ದುಂಡಾಗುವುದಕ್ಕಿಂತ ಮುಂಚೆಯೇ ಅಲ್ಲಲ್ಲಿ ಚಕ್ಕೆಯೇಳುತ್ತದೆ. ಕೂದಲು ನೆಟ್ಟಗೆ ನಿಲ್ಲದೆ ಬಾಗಿದಾಗ, ಉಕ್ಕಿನ ಒಳರಚನೆಯಲ್ಲಿ ಗಟ್ಟಿ ಮತ್ತು ಮೆದು ಭಾಗಗಳು ಕೂಡುವ ಗಡಿ ಆ ಕೂದಲಿನ ಪಕ್ಕಕ್ಕೇ ಬಂದಾಗ, ಅಲ್ಲಿ ಒತ್ತಡ ಕೇಂದ್ರೀಕೃತವಾಗಿ ಉಕ್ಕು ಮುರಿಯುತ್ತದೆ. ಅಂದರೆ ಅಂಚಿನ ಶತ್ರು ಸರಾಸರಿ ಮೊಂಡುತನವಲ್ಲ, ಅಲ್ಲೊಂದು ಇಲ್ಲೊಂದು ಇರುವ ಅಸಮತೆ.

ಮಸೆಗಲ್ಲಿನ ವಿಷಯದಲ್ಲಿಯೂ ಇದೇ ಮಾತು ಇನ್ನಷ್ಟು ಬಲವಾಗಿ ಸಲ್ಲುತ್ತದೆ, ಮತ್ತು ಅದನ್ನು ಸರಳ ಲೆಕ್ಕದಿಂದಲೇ ತೋರಿಸಬಹುದು. ಕಲ್ಲಿನ ಮೇಲೆ ಅಲಗು ಸರಿದಾಗ ಕಲ್ಲಿನ ಪ್ರತಿಯೊಂದು ಕಣವೂ ಉಕ್ಕಿನಲ್ಲಿ ಒಂದು ಗೀರನ್ನು ಬಿಡುತ್ತದೆ. ಆ ಗೀರು ಬಾಯಿಯವರೆಗೂ ಬಂದು ಮುಗಿಯುವುದರಿಂದ ಅಲ್ಲೊಂದು ಕಚ್ಚು ಬೀಳುತ್ತದೆ. ಬೆಣೆ 16 ಡಿಗ್ರಿಯದಾದಾಗ, ಗೀರಿನ ಆಳ ಎಷ್ಟಿದೆಯೋ ಅದರ ಸುಮಾರು ಮೂರೂವರೆ ಪಟ್ಟು ಅಂಚು ಹಿಂದಕ್ಕೆ ಸರಿಯುತ್ತದೆ, ಏಕೆಂದರೆ ಅಷ್ಟು ಹಿಂದಕ್ಕೆ ಹೋದಾಗ ಮಾತ್ರ ಬೆಣೆಯ ದಪ್ಪ ಗೀರಿನ ಆಳಕ್ಕೆ ಸಮವಾಗುತ್ತದೆ. ಒಂದೇ ಮೈಕ್ರಾನ್ ಆಳದ ಗೀರು ಮೂರೂವರೆ ಮೈಕ್ರಾನಿನ ಕಚ್ಚನ್ನು ಮಾಡುತ್ತದೆ. ಹತ್ತು ಮೈಕ್ರಾನಿನ ಒಂದು ಗೀರು ಬಿದ್ದರೆ 35 ಮೈಕ್ರಾನಿನ ಹಲ್ಲು ಮೂಡಿ, ಆ ಕತ್ತಿ ಕೆನ್ನೆಯನ್ನು ಕೆರೆಯುತ್ತದೆ. ಕಲ್ಲಿನಲ್ಲಿರುವ ಲಕ್ಷ ಕಣಗಳು ನುಣುಪಾಗಿದ್ದು ಒಂದೇ ಒಂದು ಮರಳಿನ ಕಣ ಉಳಿದಿದ್ದರೂ ಆ ಲಕ್ಷ ಕಣಗಳ ದುಡಿಮೆಯನ್ನು ಅದೊಂದೇ ಹಾಳುಮಾಡುತ್ತದೆ. ಆದ್ದರಿಂದ ಕ್ಷೌರದ ಕತ್ತಿಗೆ ಬೇಕಾದ ಕಲ್ಲನ್ನು ಅದರಲ್ಲಿರುವ ಸಣ್ಣ ಕಣಗಳಿಂದ ಅಳೆಯಬಾರದು, ಅದರಲ್ಲಿ ಇಲ್ಲದಿರುವ ದೊಡ್ಡ ಕಣಗಳಿಂದ ಅಳೆಯಬೇಕು.

ಗಡಸುತನದ ಪ್ರಶ್ನೆ ಇದಕ್ಕಿಂತ ಸುಲಭ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಶ್ರೇಣೀಕರಿಸುವ ಮೋಸ್ ಮಾಪನದಲ್ಲಿ ಹದಗೊಳಿಸಿದ ಕತ್ತಿಯ ಉಕ್ಕು ಆರೂವರೆಯ ಹತ್ತಿರ ಬರುತ್ತದೆ, ಬೆಣಚು ಅಥವಾ ಕ್ವಾರ್ಟ್ಜ್ ಏಳರಲ್ಲಿದೆ, ಗಾರ್ನೆಟ್ ಎಂಬ ಖನಿಜದ ಬಗೆಗಳು ಆರೂವರೆಯಿಂದ ಏಳೂವರೆಯವರೆಗೆ ಹರಡಿಕೊಂಡಿವೆ. ಉಕ್ಕಿಗಿಂತ ತುಸುವೇ ಗಡಸಾದ ಖನಿಜ ಸಾಕು, ಮತ್ತು ಬೆಣಚು ಭೂಮಿಯ ಮೇಲೆ ಎಲ್ಲೆಡೆ ಸಿಗುತ್ತದೆ. ಹೊಳೆಯ ದಂಡೆಯ ಮರಳುಗಲ್ಲು ಕುಡುಗೋಲನ್ನು ಚೆನ್ನಾಗಿಯೇ ಹರಿತಗೊಳಿಸುತ್ತದೆ. ಅದೇ ಕಲ್ಲು ಕ್ಷೌರದ ಕತ್ತಿಯನ್ನು ಹಾಳುಮಾಡುವುದು ಗಡಸುತನದ ಕೊರತೆಯಿಂದಲ್ಲ, ಅದರ ಕಣಗಳು ನೂರಾರು ಮೈಕ್ರಾನ್ ದಪ್ಪವಿರುವುದರಿಂದ.

ಹಾಗಾದರೆ ದಪ್ಪ ಕಣಗಳನ್ನು ಪ್ರಕೃತಿ ಎಲ್ಲಿ ಬೇರ್ಪಡಿಸುತ್ತದೆ? ನಿಂತ ನೀರಿನಲ್ಲಿ. ಬ್ರಿಟನ್ನಿನ ಭೌತವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ಸಿದ್ಧಾಂತದಂತೆ, ದ್ರವದಲ್ಲಿ ಮುಳುಗುವ ಸಣ್ಣ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವ್ಯಾಸ ನೂರು ಪಟ್ಟಾದರೆ ವೇಗ ಹತ್ತುಸಾವಿರ ಪಟ್ಟಾಗುತ್ತದೆ. ನೂರು ಮೈಕ್ರಾನಿನ ಬೆಣಚಿನ ಕಣ ಒಂದು ಮೀಟರ್ ಆಳದ ನೀರಿನ ತಳ ಸೇರಲು ಎರಡು ನಿಮಿಷ ತೆಗೆದುಕೊಂಡರೆ, ಒಂದು ಮೈಕ್ರಾನಿನ ಕಣಕ್ಕೆ ಸುಮಾರು ಹದಿಮೂರು ದಿನ ಬೇಕಾಗುತ್ತದೆ. ನದಿ ಹೊತ್ತು ತಂದ ಮರಳು ದಡದ ಬಳಿಯಲ್ಲೇ ಬಿದ್ದು, ಮೆಕ್ಕಲು ಇನ್ನಷ್ಟು ದೂರ ಹೋಗಿ, ಅತ್ಯಂತ ಸಣ್ಣ ಧೂಳು ಮಾತ್ರ ತೆರೆದ ಕಡಲಿನ ಆಳಕ್ಕೆ ತಲುಪುತ್ತದೆ. ಅಲ್ಲಿ ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಮಾತ್ರ ಕೆಸರು ಕೂಡುತ್ತದೆ. ಕ್ಷೌರದ ಕತ್ತಿಗೆ ಹೊಂದುವ ಹೆಸರಾಂತ ಕಲ್ಲುಗಳ ಮೂಲ ಹುಡುಕುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಇಂಥ ಅಲುಗದ ಕಡಲತಳವೇ.

ಜಪಾನಿನ ಕ್ಯೋತೋ ನಗರದ ಸುತ್ತಲಿನ ಬೆಟ್ಟಗಳ ಕಲ್ಲು ಇದಕ್ಕೆ ಅಚ್ಚರಿ ಹುಟ್ಟಿಸುವ ನಿದರ್ಶನ. ನಾರುತಾಕಿ ಮತ್ತು ಉಮೆಗಾಹಾತ ಪ್ರದೇಶಗಳಲ್ಲಿ ಅಗೆದ ಈ ಕಲ್ಲುಗಳನ್ನು ಜಪಾನಿನ ಕತ್ತಿ ಉಜ್ಜುವವರು, ಬಡಗಿಗಳು, ಕ್ಷೌರಿಕರು ಕೊನೆಯ ಹಂತದ ಮಸೆತಕ್ಕೆ ಬಳಸುತ್ತ ಬಂದಿದ್ದಾರೆ. ಸುಮಾರು 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಯುಗ ತೊಡಗುವಾಗ, ಭೂಮಿಯ ಇತಿಹಾಸದಲ್ಲೇ ಅತಿ ದೊಡ್ಡ ಅಳಿವು ಸಂಭವಿಸಿ ಕಡಲಜೀವಿಗಳ ಪ್ರಭೇದಗಳಲ್ಲಿ ಶೇ. 80ಕ್ಕೂ ಹೆಚ್ಚು ಕಣ್ಮರೆಯಾದವು. ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುವ ರೇಡಿಯೊಲೇರಿಯ ಎಂಬ ಏಕಕೋಶಜೀವಿಗಳೂ ಆಗ ತೀರ ವಿರಳವಾದವು. ಅದಕ್ಕೆ ಮುಂಚೆ ಅವುಗಳ ಚಿಪ್ಪುಗಳು ಕಡಲತಳದಲ್ಲಿ ಕೂಡಿ ಚರ್ಟ್ ಎಂಬ ಗಟ್ಟಿಶಿಲೆಯಾಗುತ್ತಿದ್ದವು. ಚಿಪ್ಪುಗಳ ಆ ಮಳೆ ನಿಂತ ಮೇಲೆ, ಖಂಡಗಳಿಂದ ಗಾಳಿ ಹೊತ್ತು ತಂದ ನವುರಾದ ಧೂಳಷ್ಟೇ ಲಕ್ಷಾಂತರ ವರ್ಷ ಬಿದ್ದು, ಸಿಲಿಕಾ ಬೆರೆತ ಜೇಡುಶಿಲೆಯಾಯಿತು. ಮುಂದೆ ಕಡಲತಳದ ಫಲಕ ಸರಿಯುತ್ತ ಬಂದು ಏಷ್ಯಾದ ಅಂಚಿಗೆ ಒತ್ತಿದಾಗ ಆ ಪದರಗಳು ನೆಲಕ್ಕೆ ಅಂಟಿಕೊಂಡು ಇಂದಿನ ಜಪಾನಿನ ಬೆಟ್ಟಗಳ ಭಾಗವಾದವು. ಜಪಾನಿನ ಭೂವಿಜ್ಞಾನಿಗಳು ಈ ಪದರವನ್ನು ಅಧಿಕೃತ ಬರಹಗಳಲ್ಲಿಯೂ ‘ತೋಯಿಶಿ ಬಗೆಯ’, ಅಂದರೆ ಮಸೆಗಲ್ಲಿನ ಬಗೆಯ ಶಿಲೆ ಎಂದೇ ಕರೆಯುತ್ತಾರೆ, ಮತ್ತು ಮಹಾ ಅಳಿವಿನ ನಂತರದ ಕಡಲಿನ ಸ್ಥಿತಿಯನ್ನು ತಿಳಿಯಲು ಅದನ್ನೇ ಓದುತ್ತಾರೆ.

ಕ್ಯೋತೋದ ಕಲ್ಲು ಕೆಸರಿನ ಸೂಕ್ಷ್ಮತೆಯಿಂದ ಕೆಲಸ ಮಾಡಿದರೆ, ಬೆಲ್ಜಿಯಮ್ಮಿನ ಕೋಟಿಕ್ಯೂಲ್ ಎಂಬ ಕಲ್ಲು ಬೇರೆಯೇ ದಾರಿಯಲ್ಲಿ ಅದೇ ಗುರಿಯನ್ನು ಮುಟ್ಟಿದೆ. ಕ್ಷೌರದ ಕತ್ತಿಯ ವಿಜ್ಞಾನ ತಿಳಿಯಬಯಸುವವರಿಗೆ ಇದಕ್ಕಿಂತ ಹೆಚ್ಚು ಕಲಿಸುವ ಕಲ್ಲು ಇನ್ನೊಂದಿಲ್ಲ. ಬೆಲ್ಜಿಯಮ್ಮಿನ ಪೂರ್ವಭಾಗದ ಆರ್ಡೆನ್ ಬೆಟ್ಟಗಳಲ್ಲಿ, ವೀಲ್ಸಾಲ್ಮ್, ಸಾಲ್ಮ್‌ಶಾತೊ ಮತ್ತು ಲಿಯೆರ್ನೊ ಊರುಗಳ ಸುತ್ತ, ನೇರಳೆ ಬಣ್ಣದ ಸ್ಲೇಟು ಶಿಲೆಯ ನಡುವೆ ಹಾಲುಹಳದಿ ಬಣ್ಣದ ತೆಳುವಾದ ಪಟ್ಟೆಗಳು ಸಿಗುತ್ತವೆ. ಸುಮಾರು 48 ಕೋಟಿ ವರ್ಷಗಳ ಹಿಂದಿನ, ಆರ್ಡೋವಿಶಿಯನ್ ಯುಗದ ಕಡಲಕೆಸರು ಇವುಗಳ ಮೂಲ. ಕೆಂಪು ಕಬ್ಬಿಣದ ಆಕ್ಸೈಡಾದ ಹೆಮಟೈಟಿನಿಂದ ಸ್ಲೇಟಿಗೆ ನೇರಳೆ ಬಂದಿದ್ದರೆ, ಹಳದಿ ಪಟ್ಟೆಗಳಲ್ಲಿ ಮ್ಯಾಂಗನೀಸ್ ತುಂಬಿದೆ. ಆ ಮ್ಯಾಂಗನೀಸ್ ಬಂದದ್ದು ಜ್ವಾಲಾಮುಖಿಯ ಬೂದಿಯಿಂದಲೋ, ಕಡಲಿನ ಇಳಿಜಾರಿನಲ್ಲಿ ಜಾರಿಬಂದ ಮ್ಯಾಂಗನೀಸ್ ಕಾರ್ಬೊನೇಟಿನ ಕೆಸರಿನಿಂದಲೋ ಎಂಬ ವಾದ ಭೂವಿಜ್ಞಾನಿಗಳಲ್ಲಿ ದೀರ್ಘಕಾಲ ನಡೆದಿದೆ.

ಮುಂದೆ ನಡೆದದ್ದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಬೆಟ್ಟಗಳು ಏಳುವಾಗ ಈ ಪದರಗಳು ಆಳದಲ್ಲಿ ಹೂತು, ಕೆಲವು ನೂರು ಡಿಗ್ರಿ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡವು, ಅಂದರೆ ಕರಗದೆಯೇ, ಘನಸ್ಥಿತಿಯಲ್ಲಿಯೇ ಅವುಗಳ ಖನಿಜಗಳು ಬದಲಾದವು. ಸಾಮಾನ್ಯ ಗಾರ್ನೆಟ್ ಹುಟ್ಟಲು ಇದಕ್ಕಿಂತ ಹೆಚ್ಚಿನ ಶಾಖ ಬೇಕು. ಆದರೆ ಮ್ಯಾಂಗನೀಸ್ ಸಮೃದ್ಧವಾಗಿದ್ದಲ್ಲಿ ಸ್ಪೆಸಾರ್ಟೀನ್ ಎಂಬ ಗಾರ್ನೆಟ್ ಕಡಿಮೆ ಶಾಖದಲ್ಲಿಯೇ ಮೂಡುತ್ತದೆ. ಅದು ಒಂದೇ ಕಾಲಕ್ಕೆ ಅಸಂಖ್ಯ ಬಿಂದುಗಳಲ್ಲಿ ಮೊಳೆತು, ಶಾಖ ಮುಂದೆ ಹೆಚ್ಚಾಗದ ಕಾರಣ ಬೆಳೆಯಲಾಗದೆ ಅಷ್ಟಕ್ಕೇ ನಿಂತುಹೋಯಿತು. ಹೀಗಾಗಿ ಇಂದು ಆ ಪಟ್ಟೆಗಳಲ್ಲಿ 5ರಿಂದ 20 ಮೈಕ್ರಾನಿನ ಗಾರ್ನೆಟ್ ಹರಳುಗಳು ಒತ್ತಾಗಿ, ಒಂದನ್ನೊಂದು ಹೋಲುವ ಗಾತ್ರದಲ್ಲಿ, ಸೂಕ್ಷ್ಮವಾದ ಬಿಳಿ ಅಭ್ರಕದ ನಡುವೆ ಕುಳಿತಿವೆ. ಶಿಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಭೂವಿಜ್ಞಾನಿಗಳು ಅದನ್ನು 30 ಮೈಕ್ರಾನ್ ದಪ್ಪದ ಹಾಳೆಯಾಗಿ ಉಜ್ಜಿಕೊಳ್ಳುತ್ತಾರೆ. ಕೋಟಿಕ್ಯೂಲಿನ ಹರಳುಗಳು ಆ ಹಾಳೆಗಿಂತಲೂ ಸಣ್ಣವಾದ್ದರಿಂದ ಒಂದರ ಮೇಲೊಂದು ಬಿದ್ದು ಮಸುಕಾಗಿ ಕಾಣುತ್ತವೆ, ಅವುಗಳ ಆಕಾರ ನಿಚ್ಚಳವಾಗಿ ತಿಳಿಯಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಇಲ್ಲೊಂದು ಸಂದೇಹ ಏಳುವುದು ಸಹಜ: ಅರ್ಧ ಮೈಕ್ರಾನಿನ ಅಂಚನ್ನು 20 ಮೈಕ್ರಾನಿನ ಹರಳು ಹೇಗೆ ಕೊಟ್ಟೀತು? ಉತ್ತರವಿರುವುದು ಹರಳಿನ ಆಕಾರದಲ್ಲಿ. ಈ ಗಾರ್ನೆಟ್ ಹನ್ನೆರಡು ಮುಖಗಳ ಹರಳಾಗಿ ಬೆಳೆಯುತ್ತದೆ. ಪ್ರತಿ ಮುಖವೂ ವಜ್ರಾಕೃತಿ, ಅಕ್ಕಪಕ್ಕದ ಮುಖಗಳ ನಡುವಿನ ಕೋನ 120 ಡಿಗ್ರಿ. ಮುರಿದ ಬೆಣಚಿನ ಚೂರಿನ ಮೊನೆ ಉಕ್ಕಿನೊಳಗೆ ನಾಟಿ ಉಳುತ್ತ ಹೋದರೆ, ಇಷ್ಟು ಅಗಲ ಕೋನದ ಏಣು ಉಕ್ಕಿನ ಮೇಲ್ಮೈಯನ್ನು ತೆಳುವಾಗಿ ಹೆರೆಯುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಕಣ ದೊಡ್ಡದಾಗಿದ್ದೂ ಗೀರು ಆಳವಿಲ್ಲದ್ದಾಗುವುದು ಹೀಗೆ. ನಮ್ಮ ದೇಶದಲ್ಲಿಯೂ ಸ್ಪೆಸಾರ್ಟೀನ್ ಮತ್ತು ಬೆಣಚು ಕೂಡಿದ ಶಿಲೆಯಿದೆ: ಮಧ್ಯಪ್ರದೇಶ, ಮಹಾರಾಷ್ಟ್ರಗಳ ಮ್ಯಾಂಗನೀಸ್ ಗಣಿಗಳ ಸೀಮೆಯ ಈ ಕಲ್ಲಿಗೆ ಎಲ್. ಎಲ್. ಫರ್ಮರ್ ಎಂಬ ಭೂವಿಜ್ಞಾನಿ ಅಲ್ಲಿನ ಗೊಂಡರ ಹೆಸರಿನಿಂದ ಗೊಂಡೈಟ್ ಎಂದು ಹೆಸರಿಟ್ಟರು. ಆದರೆ ಅಲ್ಲಿ ಶಾಖ ಹೆಚ್ಚಾಗಿ ಹರಳುಗಳು ದಪ್ಪವಾಗಿ ಬೆಳೆದವು. ಖನಿಜ ಒಂದೇ ಆದರೂ ಕತ್ತಿಗೆ ಆ ಕಲ್ಲು ಒದಗಲಿಲ್ಲ.

ಆರ್ಡೆನ್ನಿನ ಪಟ್ಟೆಗಳು ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರಿನವರೆಗೆ ಮಾತ್ರ ದಪ್ಪವಿದ್ದು, ಬಿರುಕಿಲ್ಲದ ತುಂಡು ಸಿಗುವುದು ಕಷ್ಟ. ಗಣಿಯವರು ಒಂದೊಂದು ಪಟ್ಟೆಗೂ ಲಾ ವೆನೆಟ್, ಲಾ ಗ್ರೀಸ್, ಲಾ ದ್ರೆಸಾಂತ್ ಎಂದು ಹೆಸರಿಟ್ಟು ಅವುಗಳ ಗುಣಭೇದವನ್ನು ಗುರುತಿಸುತ್ತಿದ್ದರು. ತೆಳುವಾದ ಹಳದಿ ಕಲ್ಲು ಮುರಿಯದಂತೆ ಅದನ್ನು ಸ್ಲೇಟಿನ ಹಲಗೆಗೆ ಅಂಟಿಸಿ ಮಾರುವುದು ವಾಡಿಕೆ. ಪ್ಯಾರಿಸ್ಸಿನ ಕತ್ತಿ ತಯಾರಕ ಜಾನ್ ಜಾಕ್ ಪೆರೆ ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳುವ ಕಲೆಯ ಬಗ್ಗೆ 1769ರಲ್ಲಿ ಪುಸ್ತಕ ಬರೆದಾಗ, ಮಸೆಯುವ ಕಲ್ಲುಗಳನ್ನು ಗುರುತಿಸುವ ಬಗೆಯನ್ನೂ ಅದರ ಶೀರ್ಷಿಕೆಯಲ್ಲೇ ಸೇರಿಸಿದ್ದನೆಂದರೆ, ಕಲ್ಲಿನ ಆಯ್ಕೆ ಆ ಕಾಲದವರಿಗೆ ಎಷ್ಟು ಮುಖ್ಯವಾಗಿತ್ತೆಂಬುದು ತಿಳಿಯುತ್ತದೆ.

ಕೋಟಿಕ್ಯೂಲನ್ನು ಬಳಸುವ ಕ್ರಮದಲ್ಲಿ ಅದರ ಭೌತಶಾಸ್ತ್ರ ಇಡಿಯಾಗಿ ಕಾಣಿಸುತ್ತದೆ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಅದೇ ಜಾತಿಯ ಒಂದು ಚಿಕ್ಕ ಕಲ್ಲಿನಿಂದ ಉಜ್ಜಿದಾಗ ಅಭ್ರಕದ ಹಿಡಿತದಿಂದ ಗಾರ್ನೆಟ್ ಹರಳುಗಳು ಬಿಡಿಸಿಕೊಂಡು ಹಾಲಿನಂಥ ರಾಡಿ ಏಳುತ್ತದೆ. ಅಲಗನ್ನು ಅದರ ಮೇಲೆ ಮಲಗಿಸಿ, ಒತ್ತದೆ, ಹಿಂದಕ್ಕೂ ಮುಂದಕ್ಕೂ ಸರಿಸಿದರೆ, ಬಿಡಿ ಹರಳುಗಳು ಅಲಗು ಮತ್ತು ಕಲ್ಲಿನ ನಡುವೆ ಉರುಳುತ್ತ ಉಕ್ಕನ್ನು ಬೇಗ ತೆಗೆಯುತ್ತವೆ. ರಾಡಿ ಕ್ರಮೇಣ ಬೂದುಬಣ್ಣಕ್ಕೆ ತಿರುಗುವುದು ಆ ಉಕ್ಕಿನ ಪುಡಿಯಿಂದಲೇ. ಆದರೆ ಈ ವೇಗಕ್ಕೆ ಒಂದು ಮಿತಿಯಿದೆ. ರಾಡಿಯಲ್ಲಿ ತೇಲುವ ಹರಳುಗಳು ಅಲಗಿನ ಪಕ್ಕಗಳನ್ನು ಉಜ್ಜುವುದಲ್ಲದೆ ಎದುರಿನಿಂದ ಬಂದು ಬಾಯಿಗೂ ಬಡಿಯುತ್ತವೆ, ಹೀಗಾಗಿ ರಾಡಿ ದಟ್ಟವಾಗಿರುವವರೆಗೆ ಅಂಚು ಒಂದು ಮಟ್ಟಕ್ಕಿಂತ ತೆಳುವಾಗಲಾರದು. ಆದ್ದರಿಂದ ಪಳಗಿದವರು ಕೆಲವು ಸುತ್ತುಗಳಿಗೊಮ್ಮೆ ಒಂದೆರಡು ಹನಿ ನೀರು ಸೇರಿಸುತ್ತ ರಾಡಿಯನ್ನು ತೆಳ್ಳಗೆ ಮಾಡುತ್ತ ಹೋಗಿ, ಕೊನೆಗೆ ಕಲ್ಲನ್ನು ತೊಳೆದು ಬರಿಯ ನೀರಿನಲ್ಲಿ ಮಸೆಯುತ್ತಾರೆ. ಆಗ ಕಲ್ಲಿನಲ್ಲೇ ಕಚ್ಚಿಕೊಂಡ ಹರಳುಗಳ ತುಸುವೇ ಎದ್ದ ಏಣುಗಳು ಮಾತ್ರ ಉಕ್ಕಿಗೆ ತಾಗುತ್ತವೆ. ಒಂದೇ ಕಲ್ಲು, ನೀರಿನ ಪ್ರಮಾಣವೊಂದನ್ನೇ ಬದಲಿಸಿದಾಗ, ಒರಟು ಕಲ್ಲಾಗಿಯೂ ನಯವಾದ ಕಲ್ಲಾಗಿಯೂ ವರ್ತಿಸುತ್ತದೆ. ಅಂಚು ಹದಕ್ಕೆ ಬಂದಿತೆಂಬುದಕ್ಕೆ ನೀರೇ ಸಾಕ್ಷಿ ನುಡಿಯುತ್ತದೆ: ಮೊಂಡು ಅಂಚು ನೀರನ್ನು ಮುಂದಕ್ಕೆ ತಳ್ಳಿಕೊಂಡು ಹೋದರೆ, ಹರಿತವಾದ ಅಂಚು ನೀರಿನ ಅಡಿಗೆ ನುಸುಳುತ್ತದೆ ಮತ್ತು ನೀರು ಅಲಗಿನ ಮೇಲೇರಿ ಬರುತ್ತದೆ.

ಅಮೆರಿಕದ ಆರ್ಕನ್ಸಾ ರಾಜ್ಯದ ವಾಶಿಟಾ ಬೆಟ್ಟಗಳ ನೊವಾಕ್ಯುಲೈಟ್ ಮೂರನೆಯ ಬಗೆಯದು. ಅದು ಶೇ. 99ಕ್ಕೂ ಹೆಚ್ಚು ಸಿಲಿಕಾ. ಕೆಲವೇ ಮೈಕ್ರಾನಿನ ಬೆಣಚಿನ ಕಣಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಕಣ ಕಳಚುವುದೂ ಇಲ್ಲ, ರಾಡಿ ಏಳುವುದೂ ಇಲ್ಲ. ಎಲ್. ಎಸ್. ಗ್ರಿಸ್ವಲ್ಡ್ 1892ರಲ್ಲಿ ಆ ರಾಜ್ಯದ ಭೂವೈಜ್ಞಾನಿಕ ಸಮೀಕ್ಷೆಗಾಗಿ ಇದರ ಮೇಲೆ ಒಂದು ಸಂಪುಟವನ್ನೇ ಬರೆದರು. ಎಣ್ಣೆ ಹಾಕಿ ಬಳಸುವ ಈ ಕಲ್ಲು ನಿಧಾನ, ಆದರೆ ಅದು ಕೊಡುವ ಅಂಚು ನಂಬಿಕೆಗೆ ಅರ್ಹ.

ಕಲ್ಲಿನ ನಂತರ ತೊಗಲಿನ ಪಟ್ಟಿಯ ಮೇಲೆ ಅಲಗನ್ನು ಬೆನ್ನು ಮುಂದಾಗಿ ಎಳೆಯುವುದು ಕೊನೆಯ ಸಂಸ್ಕಾರ. ತೊಗಲು ಉಕ್ಕನ್ನು ಹೆಚ್ಚೇನೂ ತೆಗೆಯುವುದಿಲ್ಲ. ಅಂಚಿನಲ್ಲಿ ಜೋತ ಕೂದಲೆಳೆಗಿಂತ ತೆಳುವಾದ ಉಕ್ಕಿನ ಸಿಬಿರನ್ನು ಬಿಡಿಸಿ, ಬಾಗಿದ್ದನ್ನು ನೇರ ಮಾಡುತ್ತದೆ. ಬಾಯಿಯನ್ನು ಮುಂದೆ ಮಾಡಿ ಎಳೆದರೆ ತೊಗಲು ಕೊಯ್ದು ಹೋಗುತ್ತದೆ, ಅಂಚೂ ಕೆಡುತ್ತದೆ.

ನೈಸರ್ಗಿಕ ಕಲ್ಲುಗಳ ಕಾಲಕ್ಕೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಎಡ್ವರ್ಡ್ ಆಚೆಸನ್ 1890ರ ದಶಕದ ಆರಂಭದಲ್ಲಿ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ತಯಾರಿಸಿದ ಮೇಲೆ ಕೃತಕ ಮಸೆಗಲ್ಲುಗಳು ಬಂದವು. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಬ್ಲೇಡು ಮಸೆಯುವ ಅಗತ್ಯವನ್ನೇ ಇಲ್ಲವಾಗಿಸಿತು. ಕೃತಕ ಕಲ್ಲು ಕೀಳೆಂಬ ಮಾತು ಕೆಲವರಲ್ಲಿದೆ, ಅದು ಸರಿಯಲ್ಲ. ಜರಡಿಗೆ ಸಿಗದಷ್ಟು ಸಣ್ಣ ಪುಡಿಯನ್ನು ಕಾರ್ಖಾನೆಗಳು ವಿಂಗಡಿಸುವುದು ನೀರಿನಲ್ಲಿ ಕದಡಿ, ದಪ್ಪ ಕಣ ಮೊದಲು ತಳ ಸೇರಲು ಬಿಟ್ಟೇ. ಕಡಲು ಕೋಟ್ಯಂತರ ವರ್ಷಗಳ ಹಿಂದೆ ಮಾಡಿದ ಕೆಲಸವನ್ನೇ ತೊಟ್ಟಿಯಲ್ಲಿ ಮತ್ತೆ ಮಾಡಲಾಗುತ್ತದೆ. ಕೆಟ್ಟ ಅಂಚನ್ನು ತಿದ್ದಿ ಬೆಣೆಯನ್ನು ಕೂಡಿಸಲು ಕೃತಕ ಕಲ್ಲೇ ಮೇಲು, ಏಕೆಂದರೆ ಅದು ಬೇಗ ಕತ್ತರಿಸುತ್ತದೆ ಮತ್ತು ಒಂದರಂತೆ ಇನ್ನೊಂದಿರುತ್ತದೆ. ಚರ್ಮಕ್ಕೆ ಹಿತವಾದ ಕೊನೆಯ ಅಂಚಿಗೆ ಮಾತ್ರ ಒಳ್ಳೆಯ ನೈಸರ್ಗಿಕ ಕಲ್ಲು ಇಂದಿಗೂ ಹಿಂದೆ ಬಿದ್ದಿಲ್ಲ. ಕ್ಯೋತೋದ ಹಳೆಯ ಗಣಿಗಳಲ್ಲಿ ಹೆಚ್ಚಿನವು ಮುಚ್ಚಿವೆ. ಆರ್ಡೆನ್ನಿನಲ್ಲಿ ನಿಂತುಹೋಗಿದ್ದ ಕೆಲಸ 20ನೆಯ ಶತಮಾನದ ಕೊನೆಗೆ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರುವಾಯಿತು, ಸಾಲ್ಮ್‌ಶಾತೊದಲ್ಲಿ ಈ ಕಲ್ಲಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದವರ ಹಡಪದಲ್ಲಿ ಕತ್ತಿ, ಕತ್ತರಿ, ಬಟ್ಟಲುಗಳ ಜೊತೆಗೆ ಅಂಗೈಯಗಲದ ಒಂದು ಮಸೆಗಲ್ಲೂ ತೊಗಲಿನ ಪಟ್ಟಿಯೂ ಇರುತ್ತಿದ್ದವು. ರಕ್ತದಿಂದ ಹರಡುವ ರೋಗಗಳ ಭಯ ಬಂದ ಮೇಲೆ, ಗಿರಾಕಿಗೊಂದು ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಗಳು ಸಲೂನುಗಳಿಗೆ ಬಂದವು, ಮತ್ತು ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು. ಆದರೆ ಆ ಕಲ್ಲುಗಳು ಪೆಟ್ಟಿಗೆಗಳ ತಳ ಸೇರಿ, ಕೆಲವು ಬೀದಿಗೂ ಬಿದ್ದಿವೆ. ಅವುಗಳಲ್ಲಿ ಕೆಲವು ಪೇಟೆಯಿಂದ ಕೊಂಡ ವಿದೇಶಿ ಕಲ್ಲುಗಳಾಗಿರಬಹುದು, ಕೆಲವು ಈ ನೆಲದವೇ ಆಗಿರಬಹುದು. ಚೂರೊಂದನ್ನು ಉಜ್ಜಿ ಹಾಳೆ ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಯಾವುದು ಯಾವುದೆಂದು ಭೂವಿಜ್ಞಾನದ ವಿದ್ಯಾರ್ಥಿಯೂ ಹೇಳಬಲ್ಲ. ಯಾವ ಊರಿನ ಯಾವ ಗುಡ್ಡದ ಕಲ್ಲು, ಅದಕ್ಕೆ ನೀರೋ ಎಣ್ಣೆಯೋ, ಒಳ್ಳೆಯ ಕಲ್ಲನ್ನು ಉಗುರಿನಿಂದ ಸವರಿ ಹೇಗೆ ಗುರುತಿಸುತ್ತಿದ್ದರು ಎಂಬುದನ್ನು ಹೇಳಬಲ್ಲ ಹಿರಿಯ ಕ್ಷೌರಿಕರು ಇನ್ನೂ ನಮ್ಮ ನಡುವೆ ಇದ್ದಾರೆ. ಕರ್ನಾಟಕದ ವಿಶ್ವವಿದ್ಯಾಲಯಗಳ ಭೂವಿಜ್ಞಾನ ಮತ್ತು ಜಾನಪದ ವಿಭಾಗಗಳು ಕೂಡಿ, ತಡಮಾಡದೆ, ಆ ಕಲ್ಲುಗಳನ್ನೂ ಆ ಮಾತುಗಳನ್ನೂ ಸಂಗ್ರಹಿಸಬೇಕು. ಮನೆಯಲ್ಲಿ ಅಂಥ ಹಳೆಯ ಕಲ್ಲೊಂದು ಉಳಿದಿದ್ದವರು ಅದನ್ನು ಎಸೆಯದೆ, ಅದು ಬಂದ ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು.